ಪದವಿಯಿಂದ ಹ್ಯಾಂಗರ್‌ಗೆ: ಗ್ರಾಜುಯೇಟ್ ಕಾರ್ಯಕ್ರಮದ ಮೂಲಕ ವಿಮಾನಯಾನ ಎಂಜಿನಿಯರ್ ಆಗುವುದು ಹೇಗೆ

ಎಂಜಿನಿಯರಿಂಗ್ ಪದವಿ ಇದ್ದರೆ ವಿಮಾನಕ್ಕೆ ಸಹಿ ಹಾಕಬಹುದು ಎಂದುಕೊಂಡೇ ಹಲವರು ವಿಮಾನಯಾನ ಸಂಸ್ಥೆಗಳಿಗೆ ಅರ್ಜಿ ಹಾಕುತ್ತಾರೆ. ಅದು ಆಗದು. ದುರಸ್ತಿ ಮುಗಿದ ವಿಮಾನ ಹಾರಲು ಯೋಗ್ಯವೆಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕುವವರು ಲೈಸೆನ್ಸ್ ಪಡೆದ ನಿರ್ವಹಣಾ ಎಂಜಿನಿಯರ್. ಗ್ರಾಜುಯೇಟ್ ಕಾರ್ಯಕ್ರಮದಿಂದ, ಅಂದರೆ ಹೊಸ ಪದವೀಧರರನ್ನು ಸೇರಿಸಿಕೊಂಡು ಒಂದೊಂದೇ ವಿಭಾಗದಲ್ಲಿ ತಿರುಗಿಸಿ ಕಲಿಸುವ ತರಬೇತಿಯಿಂದ, ಬರುವವರ ಕೆಲಸವೇ ಬೇರೆ. ಯಾವ ವಿಮಾನಕ್ಕೆ, ಯಾವ ದಿನದೊಳಗೆ, ಯಾವ ಭಾಗ ಬಳಸಿ, ಯಾವ ಮಿತಿಯೊಳಗೆ ಏನು ಮಾಡಬೇಕು ಎಂದು ಅವರು ಬರೆದುಕೊಡಬೇಕು. ನೀವು ಬರೆದ ಹಾಳೆ ಹಿಡಿದು ಇನ್ನೊಬ್ಬರು ರಾತ್ರಿ ಪಾಳಿಯಲ್ಲಿ ಏಣಿಯ ಮೇಲೆ ನಿಂತು ಕೆಲಸ ಮಾಡುತ್ತಾರೆ. ಅವರಿಗೆ ಅನುಮಾನ ಬಂದರೆ ಉತ್ತರ ಹೇಳಲು ನೀವು ಅಲ್ಲಿರುವುದಿಲ್ಲ. ಆ ಹಾಳೆಯನ್ನು ತಪ್ಪಿಲ್ಲದೆ ಬರೆಯುವಷ್ಟು ವಿಮಾನವನ್ನೂ ನಿಯಮವನ್ನೂ ತಿಳಿದುಕೊಳ್ಳುವುದೇ ಈ ಒಂದೂವರೆಯಿಂದ ಮೂರು ವರ್ಷಗಳ ಗುರಿ.

ಹಂತ 1: ಯಾವ ಬಾಗಿಲು ತಟ್ಟಬೇಕು

ಕಾರ್ಯಕ್ರಮಗಳು ಸಾಮಾನ್ಯವಾಗಿ 18ರಿಂದ 36 ತಿಂಗಳು ನಡೆಯುತ್ತವೆ. ಮೂರರಿಂದ ಆರು ತಿಂಗಳಿಗೊಮ್ಮೆ ವಿಭಾಗ ಬದಲಾಗುತ್ತದೆ. ಹೆಸರು ಒಂದೇ ಆದರೂ ಎಲ್ಲಿ ಸೇರುತ್ತೀರಿ ಎಂಬುದರ ಮೇಲೆ ಕಲಿಕೆ ಪೂರ್ತಿ ಬೇರೆಯಾಗುತ್ತದೆ.

ವಿಮಾನಯಾನ ಸಂಸ್ಥೆಯಲ್ಲಿ ಸೇರಿದರೆ ವಿಮಾನದ ಹಾರಾಟ ಯೋಗ್ಯತೆಯನ್ನು ದಿನದಿನವೂ ಕಾಯುವ ಕೆಲಸ ಸಿಗುತ್ತದೆ: ತಾಂತ್ರಿಕ ಸೇವೆ, ಯೋಜನೆ, ಎಂಜಿನ್ ನಿರ್ವಹಣೆ, ವಿಶ್ವಾಸಾರ್ಹತೆ. ದುರಸ್ತಿ ಕೇಂದ್ರದಲ್ಲಿ ಕೈಗೆ ಗ್ರೀಸ್ ಹೆಚ್ಚು ಹತ್ತುತ್ತದೆ, ವಿಮಾನವನ್ನು ಪೂರ್ತಿ ಬಿಚ್ಚಿ ನೋಡುವ ಅವಕಾಶ ಸಿಗುತ್ತದೆ. ತಯಾರಕರಲ್ಲಿ ಒಂದೇ ಭಾಗದ ಬಗ್ಗೆ ಆಳವಾಗಿ ಕಲಿಯುತ್ತೀರಿ. ಒತ್ತಡ ವಿಶ್ಲೇಷಣೆ, ಪ್ರಮಾಣೀಕರಣ, ಪರೀಕ್ಷೆಯೇ ಅಲ್ಲಿನ ಬದುಕು. ವಿಮಾನ ಗುತ್ತಿಗೆ ಕೊಡುವ ಕಂಪನಿಗಳಲ್ಲಿ ದಾಖಲೆ ಪರಿಶೀಲನೆಯೇ ಮುಖ್ಯ. ಅಲ್ಲಿಗೆ ಮೂರು-ನಾಲ್ಕು ವರ್ಷದ ಅನುಭವದ ಮೇಲೆ ಹೋಗುವುದು ಒಳ್ಳೆಯದು. ಯಾವುದು ಬೇಕೆಂದು ಇನ್ನೂ ನಿರ್ಧರಿಸದವರಿಗೆ ಸ್ವಂತ ದುರಸ್ತಿ ಹ್ಯಾಂಗರ್ ಇರುವ ವಿಮಾನಯಾನ ಸಂಸ್ಥೆಯೇ ಉತ್ತಮ ಆಯ್ಕೆ. ಬರೆದ ಹಾಳೆ ನೆಲದ ಮೇಲೆ ಏನಾಯಿತು ಎಂದು ಅಲ್ಲಿ ಮರುದಿನವೇ ನಡೆದುಹೋಗಿ ನೋಡಬಹುದು.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಾಲ್ಕು ವಿಷಯ ಕೇಳಿ ತಿಳಿಯಿರಿ. ಎಷ್ಟು ವಾರ ಹ್ಯಾಂಗರ್‌ನಲ್ಲಿ ಕಳೆಯಬೇಕು? ನಿರ್ದಿಷ್ಟ ವಿಮಾನ ಮಾದರಿಯ ತರಬೇತಿ ಕೊಡುತ್ತಾರೆಯೇ? ಕಾರ್ಯಕ್ರಮ ಮುಗಿದ ಮೇಲೆ ಹುದ್ದೆ ಖಚಿತವೋ, ಮತ್ತೆ ಸ್ಪರ್ಧಿಸಬೇಕೋ? ತರಬೇತಿ ಬಾಂಡ್ ಇದ್ದರೆ ಅವಧಿ ಸೇರಿದ ದಿನದಿಂದ ಶುರುವೋ, ತರಬೇತಿ ಮುಗಿದ ದಿನದಿಂದಲೋ? ಈ ಕೊನೆಯದನ್ನು ಓದದೆ ಸಹಿ ಹಾಕಿದವರು ಆಮೇಲೆ ಒಂದೆರಡು ವರ್ಷ ಹೆಚ್ಚಾಗಿ ಕಟ್ಟಿಬಿದ್ದಿರುತ್ತಾರೆ. ಬಿಟ್ಟು ಹೋದರೆ ಕೊಡಬೇಕಾದ ಮೊತ್ತ ತಿಂಗಳು ತಿಂಗಳಿಗೂ ಇಳಿಯುತ್ತದೆಯೇ ಎಂಬುದನ್ನೂ ನೋಡಿ.

ಹಂತ 2: ಅರ್ಜಿಗೆ ಮುನ್ನ

ಏರೋನಾಟಿಕಲ್ ಪದವಿಯೇ ಬೇಕೆಂದಿಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಮೆಟೀರಿಯಲ್ಸ್ ಓದಿದವರನ್ನೂ ತೆಗೆದುಕೊಳ್ಳುತ್ತಾರೆ. ಅರ್ಜಿಗಳು ಬಹಳ ಮೊದಲೇ ತೆರೆಯುವುದರಿಂದ ಅಂತಿಮ ವರ್ಷದ ಆರಂಭದಲ್ಲೇ ಪಟ್ಟಿ ಮಾಡಿಟ್ಟುಕೊಳ್ಳಿ.

ರೆಸ್ಯೂಮೆಯಲ್ಲಿ ಪ್ರಾಜೆಕ್ಟಿನ ಹೆಸರಷ್ಟೇ ಬರೆದರೆ ಪ್ರಯೋಜನವಿಲ್ಲ. ಏನನ್ನು ಅಳೆದಿರಿ, ಯಾವ ಊಹೆ ಇಟ್ಟುಕೊಂಡಿರಿ, ಲೆಕ್ಕಕ್ಕೂ ಪರೀಕ್ಷೆಗೂ ಎಷ್ಟು ಅಂತರ ಬಂತು, ಅದಕ್ಕೆ ಕಾರಣವೇನು ಎಂದು ಎರಡು ಸಾಲಿನಲ್ಲಿ ಬರೆಯಿರಿ. ಅಂತರಕ್ಕೆ ಕಾರಣ ಹುಡುಕಿದವರನ್ನೇ ಈ ಕ್ಷೇತ್ರ ಹುಡುಕುತ್ತದೆ.

ಓದಿಕೊಳ್ಳಬೇಕಾದ್ದು ಇನ್ನೊಂದಿದೆ: ಎಟಿಎ ಅಧ್ಯಾಯ ಸಂಖ್ಯೆಗಳು, ಅಂದರೆ ವಿಮಾನದ ಒಂದೊಂದು ವ್ಯವಸ್ಥೆಗೂ ಕೊಟ್ಟಿರುವ ಅಂಕಿ. ಇಡೀ ಉದ್ಯಮ ಮಾತನಾಡುವುದೇ ಈ ಅಂಕಿಗಳಲ್ಲಿ. 21 ಹವಾನಿಯಂತ್ರಣ, 24 ವಿದ್ಯುತ್, 27 ಹಾರಾಟ ನಿಯಂತ್ರಣ, 28 ಇಂಧನ, 29 ಹೈಡ್ರಾಲಿಕ್, 32 ಲ್ಯಾಂಡಿಂಗ್ ಗೇರ್, 49 ಸಹಾಯಕ ವಿದ್ಯುತ್ ಘಟಕ, 51ರಿಂದ 57 ರಚನೆ, 71ರಿಂದ 80 ಎಂಜಿನ್. ಹ್ಯಾಂಗರ್‌ನಲ್ಲಿ ‘32ರಲ್ಲಿ ಒಂದು ಡಿಫೆಕ್ಟ್ ಇದೆ’ ಅಂದರೆ ಲ್ಯಾಂಡಿಂಗ್ ಗೇರ್ ಕಡೆ ನಡೆಯಬೇಕು.

ಹಂತ 3: ಆಯ್ಕೆ ಪ್ರಕ್ರಿಯೆ

ಆನ್‌ಲೈನ್ ಪರೀಕ್ಷೆ, ಗುಂಪು ಚಟುವಟಿಕೆ, ತಾಂತ್ರಿಕ ಸಂದರ್ಶನ, ವೈದ್ಯಕೀಯ ತಪಾಸಣೆ, ಹಿನ್ನೆಲೆ ಪರಿಶೀಲನೆ, ಇವು ಎಲ್ಲೆಡೆ ಹೆಚ್ಚುಕಡಿಮೆ ಇದ್ದದ್ದೇ. ಸೋಲುವುದು ಸಾಮಾನ್ಯವಾಗಿ ತಾಂತ್ರಿಕ ಸಂದರ್ಶನದಲ್ಲಿ, ಅದೂ ಸರಳ ಪ್ರಶ್ನೆಗಳಲ್ಲಿ.

‘ವಿಮಾನದ ದೇಹದ ಆಯಸ್ಸನ್ನು ಗಂಟೆಗಿಂತ ಹೆಚ್ಚಾಗಿ ಹಾರಾಟಗಳ ಸಂಖ್ಯೆಯಲ್ಲಿ ಏಕೆ ಎಣಿಸುತ್ತಾರೆ?’ ಎಂಬ ಪ್ರಶ್ನೆ ನೋಡಿ. ಪ್ರತಿ ಹಾರಾಟದಲ್ಲೂ ಕ್ಯಾಬಿನ್ ಒಮ್ಮೆ ಉಬ್ಬಿ ಒಮ್ಮೆ ಕುಗ್ಗುತ್ತದೆ. ಲೋಹ ದಣಿಯುವುದು ಆ ಆವರ್ತನೆಯಿಂದ. 1988ರ ಏಪ್ರಿಲ್ 28ರಂದು ಅಲೋಹ ಏರ್‌ಲೈನ್ಸ್‌ನ ಬೋಯಿಂಗ್ 737 ಆಕಾಶದಲ್ಲೇ ಮುಂಭಾಗದ ಮೇಲ್ಛಾವಣಿ ಕಳೆದುಕೊಂಡಿತು. ಹವಾಯಿ ದ್ವೀಪಗಳ ನಡುವಿನ ಕಿರು ಹಾರಾಟಗಳಿಂದಾಗಿ ಅದು 35,496 ಗಂಟೆಗಳಲ್ಲೇ 89,680 ಹಾರಾಟಗಳನ್ನು ಮುಗಿಸಿತ್ತು. ಅಂದರೆ ಒಂದು ಹಾರಾಟಕ್ಕೆ ಸರಾಸರಿ 24 ನಿಮಿಷವೂ ಇಲ್ಲ. ತತ್ವ, ಕಾರಣ, ಅಂಕಿ ಮೂರೂ ಸೇರಿದ ಇಂಥ ಉತ್ತರ ಕೊಡಲು ಕಲಿಯಿರಿ. ಅಲ್ಯೂಮಿನಿಯಂಗೆ ಕಾರ್ಬನ್ ಫೈಬರ್ ನೇರವಾಗಿ ತಗುಲಿದರೆ ಅಲ್ಯೂಮಿನಿಯಂ ಏಕೆ ತುಕ್ಕು ಹಿಡಿಯುತ್ತದೆ, ನಡುವೆ ಗಾಜಿನ ನಾರಿನ ಪದರ ಏಕೆ ಇಡುತ್ತಾರೆ ಎಂಬುದೂ ಪದೇ ಪದೇ ಬರುವ ಪ್ರಶ್ನೆ.

ಗೊತ್ತಿಲ್ಲದ್ದನ್ನು ಕೇಳಿದಾಗ ‘ಗೊತ್ತಿಲ್ಲ, ಆದರೆ ಈ ಮ್ಯಾನ್ಯುಯಲ್‌ನಲ್ಲಿ ಹುಡುಕುತ್ತೇನೆ’ ಅನ್ನಿ. ಊಹಿಸಿ ಹೇಳುವವರನ್ನು ಈ ವೃತ್ತಿಗೆ ತೆಗೆದುಕೊಳ್ಳಲು ಪರೀಕ್ಷಕರು ಹೆದರುತ್ತಾರೆ.

ಹಂತ 4: ಮೊದಲ ತೊಂಬತ್ತು ದಿನ

ಮಾನವ ಅಂಶಗಳು (ದಣಿವು, ಮರೆವಿನಿಂದ ಆಗುವ ತಪ್ಪುಗಳು), ವಾಯುಯಾನ ನಿಯಮ, ಸುರಕ್ಷತಾ ವ್ಯವಸ್ಥೆ, ಇಂಧನ ಟ್ಯಾಂಕ್ ಸುರಕ್ಷತೆ, ವೈರಿಂಗ್ ಕುರಿತ ಕಡ್ಡಾಯ ತರಗತಿಗಳು ಮೊದಲು ಬರುತ್ತವೆ. ಬೇಸರ ತರುವ ತರಗತಿಗಳು ಎಂದು ಬದಿಗಿಡಬೇಡಿ, ಪ್ರತಿ ನಿಯಮದ ಹಿಂದೆಯೂ ಒಂದು ಅಪಘಾತವಿದೆ.

ಹ್ಯಾಂಗರ್‌ಗೆ ಕಾಲಿಡುವ ಮೊದಲು ಉಂಗುರ, ಸರ, ವಾಚು ತೆಗೆದಿಡಿ. ಜೇಬಿನಲ್ಲಿ ಪೆನ್ನು, ನಾಣ್ಯ ಸಡಿಲವಾಗಿ ಇರಬಾರದು. ಹೈಡ್ರಾಲಿಕ್ ಒತ್ತಡ ಹೆಚ್ಚಿನ ವಿಮಾನಗಳಲ್ಲಿ 3,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಏರ್‌ಬಸ್ ಎ380, ಎ350, ಬೋಯಿಂಗ್ 787ರಲ್ಲಿ 5,000. ಸೂಜಿಮೊನೆಯಷ್ಟು ರಂಧ್ರದಿಂದ ಬರುವ ಧಾರೆ ಚರ್ಮದೊಳಗೆ ನುಗ್ಗುತ್ತದೆ. ಸೋರಿಕೆ ಎಲ್ಲಿದೆ ಎಂದು ಕೈಯಾಡಿಸಿ ನೋಡಲೇಬಾರದು. ವ್ಯವಸ್ಥೆಗೆ ಒತ್ತಡ ಕೊಟ್ಟ ಕ್ಷಣ ರಡ್ಡರ್, ಫ್ಲ್ಯಾಪ್, ಗೇರ್ ಬಾಗಿಲು ಎಚ್ಚರಿಕೆಯಿಲ್ಲದೆ ಚಲಿಸಬಹುದು. ಪಿನ್ ಹಾಕಿದ್ದಾರೆಯೇ, ಸರ್ಕ್ಯೂಟ್ ಬ್ರೇಕರ್ ಎಳೆದು ಕ್ಲಿಪ್ ಹಾಕಿದ್ದಾರೆಯೇ ಎಂದು ಕಣ್ಣಾರೆ ನೋಡದೆ ಗೇರ್ ಬಾಗಿಲಿನ ಹತ್ತಿರ ಹೋಗಬೇಡಿ.

ಮ್ಯಾನ್ಯುಯಲ್‌ಗಳ ನಡುವಿನ ಗಡಿ ಈ ಅವಧಿಯಲ್ಲೇ ಗಟ್ಟಿಯಾಗಬೇಕು. ಭಾಗ ಹೇಗೆ ತೆಗೆಯಬೇಕು, ಹೇಗೆ ಜೋಡಿಸಬೇಕು ಎಂಬುದು ನಿರ್ವಹಣಾ ಕೈಪಿಡಿ ಎಎಂಎಂನಲ್ಲಿದೆ. ಯಾವ ಭಾಗ ಎಂಬುದು ಭಾಗಗಳ ಕ್ಯಾಟಲಾಗ್ ಐಪಿಸಿಯಲ್ಲಿದೆ. ಹಾನಿ ಎಷ್ಟರವರೆಗೆ ಸರಿ ಎಂಬುದು ರಚನಾ ದುರಸ್ತಿ ಕೈಪಿಡಿ ಎಸ್‌ಆರ್‌ಎಂನಲ್ಲಿ, ಕೆಟ್ಟ ಉಪಕರಣ ಇಟ್ಟುಕೊಂಡೇ ಎಷ್ಟು ದಿನ ಹಾರಬಹುದು ಎಂಬುದು ಕನಿಷ್ಠ ಉಪಕರಣಗಳ ಪಟ್ಟಿ ಎಂಇಎಲ್‌ನಲ್ಲಿ. ಎಂಇಎಲ್‌ನ ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120. ದೋಷ ದಾಖಲಾದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎ ವರ್ಗಕ್ಕೆ ಆಯಾ ನಮೂದಿನಲ್ಲೇ ಗಡುವು ಬರೆದಿರುತ್ತದೆ.

1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನದ ಕಾಕ್‌ಪಿಟ್ ಗಾಜು 17,000 ಅಡಿ ದಾಟಿದ ಮೇಲೆ ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ದೇಹ ಹೊರಗೆಳೆಯಲ್ಪಟ್ಟರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಗಾಜು ಹಿಡಿದಿದ್ದ 90 ಬೋಲ್ಟ್‌ಗಳಲ್ಲಿ 84 ಇರಬೇಕಾದ್ದಕ್ಕಿಂತ ಕಡಿಮೆ ವ್ಯಾಸದವು. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇರಲಿಲ್ಲ. ಬಿಚ್ಚಿದ ಹಳೆಯ ಬೋಲ್ಟ್ ಪಕ್ಕ ಹೊಸದನ್ನು ಹಿಡಿದು ಕಣ್ಣಳತೆಯಲ್ಲಿ ಹೊಂದಿಸಿದ್ದರು. ಕ್ಯಾಟಲಾಗ್ ತೆರೆದಿದ್ದರೆ ಸರಿಯಾದ ಭಾಗದ ಸಂಖ್ಯೆ ಸಿಗುತ್ತಿತ್ತು.

ಹಂತ 5: ತಾಂತ್ರಿಕ ಸೇವೆ

ಇಡೀ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಸಮಯ ಕೇಳಿ ಪಡೆಯಬೇಕಾದ ವಿಭಾಗವಿದು. ಎರಡು ಕೆಲಸ ಇಲ್ಲಿ ಕಲಿಯಲೇಬೇಕು.

ಮೊದಲನೆಯದು ನೆಗ್ಗು ನೋಡುವುದು. ಸರಕು ತುಂಬುವ ವಾಹನ ತಾಗಿ ವಿಮಾನದ ಹೊರಮೈ ನೆಗ್ಗಿದೆ ಎಂದು ಕರೆ ಬರುತ್ತದೆ. ಹೋದ ಕೂಡಲೇ ಆಳ ಅಳೆಯಲು ಹೊರಡಬೇಡಿ. ಮೊದಲು ಸ್ಥಾನ ಗುರುತಿಸಿ: ಯಾವ ಫ್ರೇಮ್‌ಗಳ (ಸುತ್ತಲಿನ ಬಳೆಗಳು) ನಡುವೆ, ಯಾವ ಸ್ಟ್ರಿಂಗರ್‌ಗಳ (ಉದ್ದನೆಯ ಪಟ್ಟಿಗಳು) ನಡುವೆ, ಹತ್ತಿರದ ರಿವೆಟ್ ಸಾಲಿನಿಂದ ಎಷ್ಟು ದೂರ, ಪಕ್ಕದಲ್ಲಿ ಹಳೆಯ ನೆಗ್ಗು ಅಥವಾ ದುರಸ್ತಿ ಇದೆಯೇ. ಒಳಗಿನ ಫ್ರೇಮ್ ಬಾಗಿದೆಯೇ ಎಂದು ಕ್ಯಾಬಿನ್ ಕಡೆಯಿಂದಲೂ ನೋಡಬೇಕು. ಆಮೇಲೆ ಅಳತೆ. ನೇರ ಪಟ್ಟಿಯನ್ನು ವಿಮಾನದ ಉದ್ದಕ್ಕೆ ಇಡಿ. ಸುತ್ತಳತೆಯ ದಿಕ್ಕಿನಲ್ಲಿ ಇಟ್ಟರೆ ಮೈಯ ಬಾಗಿನ ಮೇಲೆ ಪಟ್ಟಿ ತೊಯ್ದಾಡಿ ಆಳ ತಪ್ಪು ಬರುತ್ತದೆ. ನೆಗ್ಗಿನ ಅಗಲ 36 ಮಿ.ಮೀ., ಆಳ 1.2 ಮಿ.ಮೀ. ಇದ್ದರೆ ಅಗಲಕ್ಕೂ ಆಳಕ್ಕೂ ಇರುವ ಅನುಪಾತ 30. ಅದೇ ಆಳವನ್ನು 1.5 ಎಂದು ಓದಿದರೆ ಅನುಪಾತ 24ಕ್ಕೆ ಇಳಿಯುತ್ತದೆ. ಅನುಪಾತ ಕಡಿಮೆಯಾದಷ್ಟೂ ನೆಗ್ಗು ಚೂಪು, ಬಿರುಕಿನ ಭಯ ಹೆಚ್ಚು. 0.3 ಮಿ.ಮೀ. ತಪ್ಪಿನಿಂದ ಹಾರಬೇಕಾದ ವಿಮಾನ ನಿಲ್ಲಬಹುದು, ನಿಲ್ಲಬೇಕಾದ್ದು ಹಾರಲೂಬಹುದು. ಅದಕ್ಕೇ ಮೂರು ಸಲ ಅಳೆದು ಮೂರನ್ನೂ ಬರೆದಿಡಿ.

ಮುಂದೆ ಎಸ್‌ಆರ್‌ಎಂನಲ್ಲಿ ಆ ಜಾಗದ ಮಿತಿ ಹುಡುಕಿ. ಎತ್ತರ ತಿಳಿಯಲು ಹೊರಗಾಳಿಯ ಒತ್ತಡ ಅಳೆಯುವ ಸ್ಥಿರ ಒತ್ತಡದ ರಂಧ್ರಗಳ ಸುತ್ತಲ ಜಾಗಕ್ಕೆ ಪ್ರತ್ಯೇಕ, ಬಿಗಿಯಾದ ಮಿತಿ ಇರುತ್ತದೆ. ಅಲ್ಲಿನ ಸಣ್ಣ ಅಲೆಯೂ ಎತ್ತರದ ಓದನ್ನು ಕೆಡಿಸುತ್ತದೆ, ಮೇಲೆ ಒಂದರ ಮೇಲೊಂದು ಹಾರುವ ವಿಮಾನಗಳ ನಡುವೆ ಇರುವುದೇ 1,000 ಅಡಿ. ಗೀರು, ಚೂಪು ಮಡಿಕೆ ಇದ್ದರೆ ಬಣ್ಣ ತೆಗೆದು ಎಡ್ಡಿ ಕರೆಂಟ್ ವಿಧಾನದಿಂದ ಬಿರುಕು ಪರೀಕ್ಷೆ ಮಾಡಿಸಿ. ಕಾರ್ಬನ್ ಫೈಬರ್ ಮೈಯಾದರೆ ಹೊರಗಿನ ಗುರುತನ್ನು ನಂಬಬೇಡಿ. ಮೇಲೆ ಕಂಡೂ ಕಾಣದ ಕಲೆ, ಒಳಗೆ ಪದರ ಬಿಟ್ಟುಕೊಂಡ ಅಂಗೈಯಗಲದ ಜಾಗ ಇರಬಹುದು. ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು. ಮಿತಿ ಮೀರಿದರೆ ನಿಮ್ಮ ಸ್ವಂತ ವಿವೇಚನೆಗೆ ಜಾಗವಿಲ್ಲ. ಫೋಟೊ, ಅಳತೆ, ನಕ್ಷೆ ಸಮೇತ ತಯಾರಕರಿಗೋ ಅನುಮೋದಿತ ವಿನ್ಯಾಸ ಸಂಸ್ಥೆಗೋ ಬರೆಯಬೇಕು. ಫೋಟೊದಲ್ಲಿ ಅಳತೆಪಟ್ಟಿ ಇಲ್ಲದಿದ್ದರೆ, ವಿಮಾನದ ಮುಂಭಾಗ ಯಾವ ಕಡೆ ಎಂಬ ಬಾಣ ಇಲ್ಲದಿದ್ದರೆ ಅವರು ಮರುಪ್ರಶ್ನೆ ಕೇಳುತ್ತಾರೆ, ವಿಮಾನ ಇನ್ನೊಂದು ದಿನ ನಿಲ್ಲುತ್ತದೆ.

ಎರಡನೆಯದು ಎಂಜಿನಿಯರಿಂಗ್ ಆದೇಶ ಬರೆಯುವುದು. ನಿಯಂತ್ರಕರು ಹೊರಡಿಸುವ ಏರ್‌ವರ್ದಿನೆಸ್ ಡೈರೆಕ್ಟಿವ್, ಅಂದರೆ ಎಡಿ, ಕಡ್ಡಾಯ. ತಯಾರಕರ ಸರ್ವಿಸ್ ಬುಲೆಟಿನ್ ಸಾಮಾನ್ಯವಾಗಿ ಐಚ್ಛಿಕ. ಆದರೆ ಎಡಿ ಅದನ್ನು ಹೆಸರಿಸಿದರೆ ಅದೂ ಕಡ್ಡಾಯವಾಗುತ್ತದೆ. ಇವುಗಳನ್ನು ಹ್ಯಾಂಗರ್‌ನಲ್ಲಿ ಮಾಡಬಹುದಾದ ಕೆಲಸದ ಹಾಳೆಯಾಗಿಸುವುದೇ ಎಂಜಿನಿಯರಿಂಗ್ ಆದೇಶ. ಈ ಕ್ರಮದಲ್ಲಿ ಹೋಗಿ.

1. ಅನ್ವಯ ನೋಡಿ. ವಿಮಾನದ ಸರಣಿ ಸಂಖ್ಯೆಯಿಂದಷ್ಟೇ ತೀರ್ಮಾನಿಸಬೇಡಿ. ದೋಷ ಭಾಗದಲ್ಲಿದ್ದರೆ, ಆ ಭಾಗ ಬೇರೆ ವಿಮಾನದಿಂದ ಬಿಚ್ಚಿ ತಂದದ್ದಾಗಿರಬಹುದು. ಭಾಗದ ಸಂಖ್ಯೆ, ಸರಣಿ ಸಂಖ್ಯೆ ಎರಡನ್ನೂ ದಾಖಲೆಯಲ್ಲಿ ಹುಡುಕಿ. ಉಗ್ರಾಣದಲ್ಲಿರುವ ಬಿಡಿಭಾಗಗಳನ್ನೂ ನೋಡಿ.

2. ಗಡುವು ಲೆಕ್ಕ ಹಾಕಿ. ‘ಜಾರಿಯಾದ ದಿನದಿಂದ 1,500 ಹಾರಾಟ ಅಥವಾ 12 ತಿಂಗಳು, ಯಾವುದು ಮೊದಲೋ ಅದು’ ಎಂದಿದೆ ಎನ್ನೋಣ. ದಿನಕ್ಕೆ 6 ಹಾರಾಟ ಮಾಡುವ ವಿಮಾನಕ್ಕೆ 250 ದಿನದಲ್ಲೇ ಗಡುವು ಬರುತ್ತದೆ. 3 ಹಾರಾಟ ಮಾಡುವುದಕ್ಕೆ 12 ತಿಂಗಳೇ ಮೊದಲು. ‘ಯಾವುದು ಮೊದಲೋ’ ಎಂಬುದನ್ನು ‘ಯಾವುದು ನಂತರವೋ’ ಎಂದು ಓದುವುದು, ಜಾರಿಯ ದಿನದ ಬದಲು ಪ್ರಕಟಣೆಯ ದಿನದಿಂದ ಎಣಿಸುವುದು, ಇವೆರಡು ಹೊಸಬರ ಖಾಯಂ ತಪ್ಪುಗಳು.

3. ಭಾಗ, ಉಪಕರಣ, ಮಾನವ ಗಂಟೆ, ವಿಮಾನ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಬರೆಯಿರಿ. ವಿಶೇಷ ಉಪಕರಣ ನಿಜಕ್ಕೂ ಇದೆಯೇ, ಕ್ಯಾಲಿಬ್ರೇಷನ್ ಅವಧಿ ಮುಗಿದಿದೆಯೇ ಎಂದು ಉಪಕರಣ ಕೋಣೆಗೆ ಹೋಗಿ ನೋಡಿ ಬನ್ನಿ.

4. ಕೆಲಸದ ಹಂತ ಬರೆಯಿರಿ. ಒಂದು ಸಾಲಿಗೆ ಒಂದೇ ಕ್ರಿಯೆ, ಒಂದೇ ಸಹಿ. ಟಾರ್ಕ್ ಬರೆಯುವಾಗ ಏಕಮಾನ ಬಿಡಬೇಡಿ: 120 ಇಂಚು-ಪೌಂಡ್ ಅಂದರೆ 10 ಅಡಿ-ಪೌಂಡ್, ಸುಮಾರು 13.6 ನ್ಯೂಟನ್ ಮೀಟರ್. ಇಂಚನ್ನು ಅಡಿ ಎಂದು ಓದಿದರೆ ಬೋಲ್ಟ್ ಮೇಲೆ ಹನ್ನೆರಡು ಪಟ್ಟು ಟಾರ್ಕ್ ಬೀಳುತ್ತದೆ. ರೆಂಚಿನ ತುದಿಗೆ ನೇರ ವಿಸ್ತರಣೆ ಹಾಕಬೇಕಾದರೆ ಸೆಟ್ಟಿಂಗ್ ನೀವೇ ಲೆಕ್ಕ ಹಾಕಿ ಕೊಡಿ: 100 ನ್ಯೂಟನ್ ಮೀಟರ್ ಬೇಕು, ರೆಂಚ್ 40 ಸೆಂ.ಮೀ., ವಿಸ್ತರಣೆ 5 ಸೆಂ.ಮೀ. ಆದರೆ 100 × 40 ÷ 45, ಅಂದರೆ 88.9ಕ್ಕೆ ಇಡಬೇಕು.

5. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಸ್ವತಂತ್ರವಾಗಿ ಪರಿಶೀಲಿಸುವ ಸಾಲು ಸೇರಿಸಿ. ಜಪಾನ್ ಏರ್‌ಲೈನ್ಸ್‌ನ 747 ಒಂದರ ಹಿಂಬದಿಯ ಒತ್ತಡ ತಡೆಗೋಡೆಯನ್ನು 1978ರಲ್ಲಿ ದುರಸ್ತಿ ಮಾಡುವಾಗ ಒಂದೇ ತುಂಡಾಗಿರಬೇಕಿದ್ದ ಜೋಡಣಾ ತಗಡನ್ನು ಎರಡಾಗಿ ಕತ್ತರಿಸಿ ಹಾಕಿದ್ದರು. ಎರಡು ಸಾಲು ರಿವೆಟ್ ಹೊರಬೇಕಾದ ಭಾರ ಒಂದು ಸಾಲಿನ ಮೇಲೆ ಬಿತ್ತು. ಬರೆದುಕೊಟ್ಟ ದುರಸ್ತಿ ಸರಿಯಿತ್ತು, ಮಾಡಿದ್ದು ಬೇರೆಯಾಗಿತ್ತು. 1985ರ ಆಗಸ್ಟ್ 12ರಂದು ಗೋಡೆ ಒಡೆದು 520 ಜನ ಸತ್ತರು. ಸೀಲಂಟ್ ಬಳಿದ ಮೇಲೆ ಯಾವ ಕಣ್ಣಿಗೂ ಕಾಣದ ಕೆಲಸವಿದ್ದಾಗಲೆಲ್ಲ ಈ ಗೋಡೆಯನ್ನು ನೆನೆಸಿಕೊಳ್ಳಿ.

ಆದೇಶ ಬರೆದು ಮುಗಿಸಿದ ಮೇಲೆ ಅದನ್ನು ಒಬ್ಬ ಅನುಭವಿ ಮೆಕ್ಯಾನಿಕ್ ಕೈಗೆ ಕೊಟ್ಟು, ‘ಇದನ್ನು ಓದಿ ಮೊದಲು ಏನು ಮಾಡುತ್ತೀರಿ?’ ಎಂದು ಕೇಳಿ. ಅವರು ಹೇಳಿದ್ದೂ ನೀವು ಅಂದುಕೊಂಡದ್ದೂ ಬೇರೆಯಾದರೆ ಹಾಳೆಯನ್ನು ತಿದ್ದಬೇಕು. ಮೊದಲ ಆದೇಶ ಹ್ಯಾಂಗರ್‌ಗೆ ಹೋದ ರಾತ್ರಿ ನೀವೂ ಹೋಗಿ ಏಣಿಯ ಬುಡದಲ್ಲಿ ನಿಲ್ಲಿ. ಎಲ್ಲಿ ಅವರ ಕೈ ನಿಂತು ಕಣ್ಣು ಮತ್ತೆ ಹಾಳೆಗೆ ಹೋಗುತ್ತದೋ ಅಲ್ಲಿ ನಿಮ್ಮ ಬರಹ ಅಸ್ಪಷ್ಟವಾಗಿದೆ.

ಹಂತ 6: ಉಳಿದ ವಿಭಾಗಗಳು

ವಿಶ್ವಾಸಾರ್ಹತಾ ವಿಭಾಗದಲ್ಲಿ ಅಂಕಿಯನ್ನು ಓದಲು ಕಲಿಯುತ್ತೀರಿ. 20 ವಿಮಾನಗಳು ತಿಂಗಳಿಗೆ ಒಟ್ಟು 6,000 ಗಂಟೆ ಹಾರಿ, ಒಂದು ಕವಾಟವನ್ನು 9 ಸಲ ಅಕಾಲಿಕವಾಗಿ ಬದಲಿಸಿದರೆ ದರ 1,000 ಗಂಟೆಗೆ 1.5. ವಿಮಾನಕ್ಕೆ ಎರಡು ಕವಾಟ ಇದ್ದರೆ ಒಂದು ಕವಾಟ ಸರಾಸರಿ 1,333 ಗಂಟೆ ನಿಂತಿದೆ. ಎಚ್ಚರಿಕೆಯ ಮಟ್ಟವನ್ನು ಸಾಮಾನ್ಯವಾಗಿ ಹಿಂದಿನ 12 ತಿಂಗಳ ಸರಾಸರಿಗೆ ಎರಡು ಅಥವಾ ಮೂರು ಪ್ರಮಾಣ ವಿಚಲನೆ ಕೂಡಿಸಿ ಇಡುತ್ತಾರೆ. ನಾಲ್ಕೈದು ವಿಮಾನಗಳ ಸಣ್ಣ ಪಡೆಯಲ್ಲಿ ಈ ಗಣಿತ ಕೈಕೊಡುತ್ತದೆ, ಒಂದೇ ಘಟನೆ ಗೆರೆ ದಾಟಿಸುತ್ತದೆ. ಅಲ್ಲಿ ಪ್ರತಿ ಘಟನೆಯನ್ನೂ ಬಿಡಿಬಿಡಿಯಾಗಿ ಓದಬೇಕು. ಬಿಚ್ಚಿ ಕಳಿಸಿದ ಭಾಗ ‘ದೋಷ ಕಂಡುಬಂದಿಲ್ಲ’ ಎಂದು ವಾಪಸ್ ಬರುತ್ತಲೇ ಇದ್ದರೆ, ಕೆಟ್ಟಿರುವುದು ವೈರು, ಕನೆಕ್ಟರ್ ಅಥವಾ ದೋಷ ಹುಡುಕುವ ಕ್ರಮ ಇರಬಹುದು.

ಯೋಜನಾ ವಿಭಾಗಕ್ಕೆ ಎರಡು ತಿಂಗಳು ಸಾಕು. ಎಂಜಿನ್ ವಿಭಾಗ ಸಿಕ್ಕರೆ ಬಿಡಬೇಡಿ. ನಿಷ್ಕಾಸ ಅನಿಲದ ತಾಪಮಾನದ ಮಾರ್ಜಿನ್ (ಮಿತಿ ಮುಟ್ಟಲು ಉಳಿದಿರುವ ಅಂತರ), ಎಣ್ಣೆ ಬಳಕೆ, ಕಂಪನ, ಈ ಮೂರರ ಗೆರೆಗಳನ್ನು ವಾರಗಟ್ಟಲೆ ನೋಡಿದವರಿಗೆ ಮಾತ್ರ ಯಾವ ಏರಿಳಿತ ಸೆನ್ಸರ್‌ನದು, ಯಾವುದು ನಿಜವಾದ ಸವೆತ ಎಂಬುದು ತಿಳಿಯುತ್ತದೆ.

ಹಂತ 7: ಅನುಭವದ ದಾಖಲೆ ಮತ್ತು ಲೈಸೆನ್ಸ್

ಸೇರಿದ ಮೊದಲ ವಾರದಿಂದಲೇ ಲಾಗ್‌ಬುಕ್ ಇಡಿ: ದಿನಾಂಕ, ವಿಮಾನದ ಮಾದರಿ, ನೋಂದಣಿ, ಎಟಿಎ ಅಧ್ಯಾಯ, ಮಾಡಿದ ಕೆಲಸ, ಮ್ಯಾನ್ಯುಯಲ್‌ನ ಉಲ್ಲೇಖ, ಮೇಲ್ವಿಚಾರಕರ ಸಹಿ. ವಾರದ ಕೊನೆಗೆ ಸಹಿ ಹಾಕಿಸಿಕೊಳ್ಳಿ. ಎರಡು ವರ್ಷದ ನಂತರ ಒಟ್ಟಿಗೆ ಹಾಕಿಸೋಣ ಎಂದು ಬಿಟ್ಟವರಿಗೆ ಸಹಿ ಹಾಕಬೇಕಾದವರೇ ಸಿಗುವುದಿಲ್ಲ. ಒಬ್ಬರು ಕೆಲಸ ಬಿಟ್ಟಿರುತ್ತಾರೆ, ಇನ್ನೊಬ್ಬರು ಬೇರೆ ಊರಿನ ಬೇಸ್‌ಗೆ ಹೋಗಿರುತ್ತಾರೆ.

ಲೈಸೆನ್ಸ್ ಕಡ್ಡಾಯವಲ್ಲ, ಆದರೆ ಇದ್ದರೆ ಮಾತಿಗೆ ತೂಕ ಬರುತ್ತದೆ. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎಯ ಲೈಸೆನ್ಸ್ ನಿಯಮ ಪಾರ್ಟ್-66ರಲ್ಲಿ ಬಿ1.1 ಟರ್ಬೈನ್ ವಿಮಾನಗಳ ಯಾಂತ್ರಿಕ ಭಾಗಕ್ಕೆ, ಬಿ2 ವಿಮಾನದ ಎಲೆಕ್ಟ್ರಾನಿಕ್ಸ್‌ಗೆ, ಅಂದರೆ ಏವಿಯಾನಿಕ್ಸ್‌ಗೆ. ಯಾವ ತಾಂತ್ರಿಕ ತರಬೇತಿಯೂ ಇಲ್ಲದವರಿಗೆ 5 ವರ್ಷ, ಅನುಮೋದಿತ ತರಬೇತಿ ಶಾಲೆಯ (ಪಾರ್ಟ್-147) ಕೋರ್ಸ್ ಮಾಡಿದವರಿಗೆ 2 ವರ್ಷದ ಪ್ರಾಯೋಗಿಕ ಅನುಭವ ಬೇಕು. ಬೇಸ್ ನಿರ್ವಹಣೆಯ (ವಿಮಾನವನ್ನು ಹ್ಯಾಂಗರ್‌ನಲ್ಲಿ ನಿಲ್ಲಿಸಿ ಮಾಡುವ ದೊಡ್ಡ ಕೆಲಸ) ಸಿ ವರ್ಗಕ್ಕೆ ತಾಂತ್ರಿಕ ಪದವೀಧರರಿಗೊಂದು ನೇರ ದಾರಿ ಇದೆ: ನಾಗರಿಕ ವಿಮಾನ ನಿರ್ವಹಣೆಯಲ್ಲಿ 3 ವರ್ಷದ ಅನುಭವ, ಅದರೊಳಗೆ 6 ತಿಂಗಳು ಬೇಸ್ ನಿರ್ವಹಣೆಯ ವೀಕ್ಷಣೆ. ಈ 6 ತಿಂಗಳನ್ನು ಗ್ರಾಜುಯೇಟ್ ಕಾರ್ಯಕ್ರಮದೊಳಗೇ ಮುಗಿಸುವಂತೆ ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಕಚೇರಿ ಬಿಟ್ಟು ಬರಲು ಯಾರೂ ಕಳಿಸುವುದಿಲ್ಲ. ಪರೀಕ್ಷೆಯಲ್ಲಿ ಪ್ರತಿ ಮಾಡ್ಯೂಲ್‌ಗೂ 75 ಶೇಕಡಾ ಬರಬೇಕು, ಬಹು ಆಯ್ಕೆಯ ಒಂದು ಪ್ರಶ್ನೆಗೆ ಸಿಗುವುದು ಸರಾಸರಿ 75 ಸೆಕೆಂಡ್. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯಲ್ಲಿ ಏರ್‌ಫ್ರೇಮ್, ಪವರ್‌ಪ್ಲಾಂಟ್ ಒಂದೊಂದಕ್ಕೆ 18 ತಿಂಗಳು, ಎರಡಕ್ಕೂ ಸೇರಿ 30 ತಿಂಗಳ ಅನುಭವದ ದಾರಿ ಇದೆ. ನಿಯಮಗಳು ಪರಿಷ್ಕಾರವಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಠ್ಯವನ್ನೇ ಓದಿ.

ಹಂತ 8: ಕೊನೆಯ ಆರು ತಿಂಗಳು

ಹುದ್ದೆ ಆರಿಸುವಾಗ ವಿಭಾಗದ ಹೆಸರಿಗಿಂತ ನಿಮ್ಮ ಹಾಳೆಯನ್ನು ತಿದ್ದುವವರು ಯಾರು ಎಂದು ನೋಡಿ. ಕೆಂಪು ಗೆರೆ ಎಳೆದು, ಏಕೆ ಎಳೆದೆ ಎಂದು ಕೂತು ವಿವರಿಸುವ ಹಿರಿಯರ ಕೈಕೆಳಗೆ ಎರಡು ವರ್ಷ ಸಿಕ್ಕರೆ ಸಂಬಳದಲ್ಲಿ ತುಸು ಕಡಿಮೆಯಾದರೂ ಒಪ್ಪಿಕೊಳ್ಳಿ. ರಚನೆ, ಎಂಜಿನ್, ಏವಿಯಾನಿಕ್ಸ್ ಈ ಮೂರರಲ್ಲಿ ಒಂದನ್ನು ಹಿಡಿದು ಆಳಕ್ಕೆ ಇಳಿಯುವ ಹೊತ್ತು ಇದೇ.

ವಿಭಾಗ ಬಿಡುವ ವಾರ ತೆರೆದಿರುವ ಕೆಲಸಗಳ ಪಟ್ಟಿ ಬರೆಯಿರಿ: ತಯಾರಕರಿಂದ ಉತ್ತರ ಬರಬೇಕಾದ ಪ್ರಶ್ನೆಗಳು, ಅವುಗಳ ಸಂಖ್ಯೆ, ಕೇಳಿದ ದಿನ, ಅವಧಿ ಮಿತಿಯ ತಾತ್ಕಾಲಿಕ ದುರಸ್ತಿಗಳು, ಯಾವ ವಿಮಾನದಲ್ಲಿ ಯಾವ ಫ್ರೇಮ್ ಹತ್ತಿರ, ಯಾವ ಹಾರಾಟ ಸಂಖ್ಯೆಯೊಳಗೆ ತೆಗೆಯಬೇಕು, ಅರ್ಧ ಬರೆದ ಆದೇಶಗಳು, ಎಲ್ಲಿಗೆ ನಿಂತಿವೆ, ಏಕೆ ನಿಂತಿವೆ. ನಿಮ್ಮ ಕುರ್ಚಿಗೆ ಬರುವವರನ್ನು ಪಕ್ಕ ಕೂರಿಸಿಕೊಂಡು ಪ್ರತಿ ಸಾಲನ್ನೂ ಅವರಿಂದಲೇ ಓದಿಸಿ, ಅವರು ತಡೆದು ನಿಂತ ಸಾಲನ್ನು ಅಲ್ಲೇ ತಿದ್ದಿ ಬರೆಯಿರಿ.